ಹೈಕೋರ್ಟ್ ಮುಖ ನೋಡಲ್ಲ, ಕಾಗದ ನೋಡುತ್ತೆ

ಹೋದ ಮಳೆಗಾಲದ ಒಂದು ರಾತ್ರಿ. ಒಂಬತ್ತರ ಶೋ ಮುಗಿಸಿ, ಮೈಕ್ ಬಿಚ್ಚಿ ಟೇಬಲ್ ಮೇಲೆ ಇಡ್ತಾ ಇದ್ದೆ. ಫೋನ್ ಬಂತು. ಇಸಳೂರಿನಿಂದ ನನ್ನ ಸೋದರಮಾವ. ಶಿರಸಿಯಿಂದ ಹುಬ್ಬಳ್ಳಿ ಕಡೆ ಹೊರಟರೆ ಸಿಗುವ ಊರು ಅದು. ಮಾವನಿಗೆ ಅಲ್ಲೊಂದು ಸಣ್ಣ ಅಡಿಕೆ ತೋಟ. ಸಾಮಾನ್ಯವಾಗಿ ಅವರು ಫೋನ್ ಮಾಡೋದು ಅಡಿಕೆ ರೇಟ್ ಬಗ್ಗೆ ನಾವು ಯಾಕೆ ಸುದ್ದಿ ಮಾಡಲ್ಲ ಅಂತ ಬೈಯೋದಕ್ಕೆ. ಅವತ್ತು ಬೈಯಲಿಲ್ಲ.

"ಅಪ್ಪಿ, ನಿಂಗಳ ಟಿವಿಯಲ್ಲಿ ದಿನಾ ಹೈಕೋರ್ಟ್ ಹೈಕೋರ್ಟ್ ಹೇಳಿ ಕೂಗ್ತ್ರಲ. ಯನ್ನ ಕೇಸು ಹೋತು. ಜಡ್ಜ್ ಯನ್ನ ಒಂದು ಮಾತೂ ಕೇಳಿದ್ವಿಲ್ಲೆ. ಅವಕ್ಕೆ ಕಿವಿ ಇಲ್ಯನಾ?"

ನಾನು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಆದರೆ ಆ ಪ್ರಶ್ನೆ ಮಾತ್ರ ನನ್ನ ಬಿಡಲಿಲ್ಲ. ಯಾಕಂದ್ರೆ ಅದೇ ರಾತ್ರಿ ನಾನೇ ಕೆಂಪು ಪಟ್ಟಿ ಹಾಕಿಕೊಂಡು 'ಹೈಕೋರ್ಟ್ ಮಹತ್ವದ ತೀರ್ಪು' ಅಂತ ಇಪ್ಪತ್ತು ಸಲ ಹೇಳಿದ್ದೆ. ಆ ತೀರ್ಪು ಹೇಗೆ ಬಂತು, ನ್ಯಾಯಮೂರ್ತಿಗಳು ಯಾರ ಮಾತು ಕೇಳಿದರು, ಯಾವ ಕಾಗದ ಓದಿದರು, ಯಾವುದನ್ನು ಓದಲೇ ಇಲ್ಲ? ಇದನ್ನು ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕು ಅಂತ ಅನಿಸಿಯೂ ಇರಲಿಲ್ಲ.

ಮಾವನ ಕೇಸು ಏನು ಅಂದ್ರೆ, ತೋಟಕ್ಕೆ ಹೋಗುವ ದಾರಿ. ಪಕ್ಕದವರ ಜಾಗದ ಮೇಲೆ ಹೋಗುತ್ತೆ. ಮೊದಲು ತಲೆಹೊರೆಯಲ್ಲಿ, ಗಾಡಿಯಲ್ಲಿ ಸಾಗಿಸುತ್ತಿದ್ದ ಅಡಿಕೆ, ಗೊಬ್ಬರ ಈಗ ಪಿಕಪ್ ವಾಹನದಲ್ಲಿ ಹೋಗಬೇಕು. ಪಕ್ಕದವರು ಬೇಲಿ ಹಾಕಿದರು. ಮಾವ ಶಿರಸಿ ಕೋರ್ಟಿಗೆ ಹೋದರು. ಕೋರ್ಟ್ ಹೇಳಿದ್ದು: ನಡೆದು ಹೋಗುವ ಹಕ್ಕು ನಿಮಗೆ ಇದೆ, ಗಾಡಿ ಒಯ್ಯುವ ಹಕ್ಕು ಇದೆ ಅಂತ ನೀವು ತೋರಿಸಿಲ್ಲ. ಮೇಲ್ಮನವಿಯಲ್ಲೂ ಅದೇ. ಕೊನೆಗೆ ಧಾರವಾಡ. ಅಲ್ಲಿ ವಿಚಾರಣೆಗೆ ತೆಗೆದುಕೊಳ್ಳುವ ಹಂತದಲ್ಲೇ ಅಪೀಲು ವಜಾ ಆಯ್ತು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು. ಶಿರಸಿಯ ಒಂದು ಫೈಲು ಇನ್ನೂರು ವರ್ಷಗಳಲ್ಲಿ ಎಲ್ಲೆಲ್ಲಿ ಪ್ರಯಾಣ ಮಾಡಿದೆ ಗೊತ್ತಾ? ಮದ್ರಾಸು, ಮುಂಬಯಿ, ಲಂಡನ್ನು, ಬೆಂಗಳೂರು, ಧಾರವಾಡ. ಇಷ್ಟೂ ಕಡೆ.

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರ್. ಆಗ ಉತ್ತರ, ದಕ್ಷಿಣ ಅಂತ ಎರಡು ಜಿಲ್ಲೆ ಇರಲಿಲ್ಲ, ಒಂದೇ ಕೆನರಾ, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದು. ಇಲ್ಲಿಯ ದೊಡ್ಡ ವ್ಯಾಜ್ಯಗಳ ಕೊನೆಯ ಅಪೀಲು ಮದ್ರಾಸಿನ ಸದರ್ ಅದಾಲತ್‌ಗೆ. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಿದರು. ಅದೇ ವರ್ಷ ಆಗಸ್ಟ್ 14ರಂದು ಮುಂಬಯಿ ಹೈಕೋರ್ಟ್ ಶುರುವಾಯ್ತು. ಅಂದ್ರೆ ನಮ್ಮ ಜಿಲ್ಲೆ ಮುಂಬಯಿಗೆ ಹೋದದ್ದೂ ಅಲ್ಲಿ ಹೈಕೋರ್ಟ್ ಹುಟ್ಟಿದ್ದೂ ಒಂದೇ ವರ್ಷ. ದಕ್ಷಿಣ ಕೆನರಾ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಅಣ್ಣ ತಮ್ಮಂದಿರ ಪಾಲಿನಂತೆ ಒಂದೇ ಕೆನರಾದ ಎರಡು ತುಂಡುಗಳಿಗೆ ಎರಡು ಹೈಕೋರ್ಟುಗಳು.

ಈಗ ಕಲ್ಪಿಸಿಕೊಳ್ಳಿ. ಶಿರಸಿಯ ರೈತನೊಬ್ಬ ಮುಂಬಯಿಗೆ ಹೋಗಬೇಕು. ಘಟ್ಟ ಇಳಿದು ಕರಾವಳಿಗೆ ಬರಬೇಕು. ಅಲ್ಲಿಂದ ಹಡಗು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಹೋದರೂ ಅಲ್ಲಿ ನಡೆಯೋದು ಇಂಗ್ಲಿಷಿನಲ್ಲಿ. ಹಾಗಾಗಿ ರೈತ ಹೋಗುತ್ತಿರಲಿಲ್ಲ, ಫೈಲು ಹೋಗುತ್ತಿತ್ತು. ಕನ್ನಡದ ಸಾಕ್ಷಿ, ಕನ್ನಡದ ಕರಾರು, ಎಲ್ಲವೂ ಇಂಗ್ಲಿಷಿಗೆ ಅನುವಾದವಾಗಿ, ಒಂದು ಕಟ್ಟಾಗಿ ನ್ಯಾಯಮೂರ್ತಿಗಳ ಮೇಜಿಗೆ ಬರುತ್ತಿತ್ತು. ಮುಂಬಯಿಯ ನ್ಯಾಯಮೂರ್ತಿಗೆ ಕೆನರಾ ಅಂದ್ರೆ ಆ ಕಾಗದದ ಕಟ್ಟು. ಅಷ್ಟೇ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯದ್ದೇ ಇದೆ. 1875ರ 'ಕೆನರಾ ಭೂಕಂದಾಯ ಪ್ರಕರಣ'. ಸರ್ಕಾರ ಹೊಸ ಸರ್ವೆ ಮಾಡಿಸಿ ಕಂದಾಯ ಏರಿಸಲು ಹೊರಟಿತು. ಕೆನರಾದ ಜಮೀನುದಾರರು ಹೇಳಿದರು: ಇದು ನಮ್ಮ ಮೂಲಿ ಹಕ್ಕಿನ ಭೂಮಿ. ತಲೆತಲಾಂತರದಿಂದ ಬಂದದ್ದು. ಕಂದಾಯ ಹಿಂದೆಯೇ ಗೊತ್ತಾಗಿದೆ, ಮನಸ್ಸಿಗೆ ಬಂದಹಾಗೆ ಏರಿಸುವಂತಿಲ್ಲ. ಆಗ ಮುಂಬಯಿಯಲ್ಲಿ ಮೈಕೆಲ್ ವೆಸ್ಟ್ರಾಪ್ ಮುಖ್ಯ ನ್ಯಾಯಮೂರ್ತಿ. ತೀರ್ಪಿನ ವರದಿ ಒಂದು ಪುಸ್ತಕದಷ್ಟು ಉದ್ದ. ಕೆನರಾದ ಭೂಮಿಯ ಚರಿತ್ರೆಯನ್ನೇ ಅದರಲ್ಲಿ ಕೆದಕಿದ್ದಾರೆ. ಕೊನೆಗೆ ಏನಾಯ್ತು? ಭೂಮಿ ರೈತನದ್ದೇ, ಮಕ್ಕಳಿಗೆ ಬರುವಂಥದ್ದೇ, ಮಾರಬಹುದಾದದ್ದೇ. ಆದರೆ ಕಂದಾಯ ಪರಿಷ್ಕರಿಸುವ ಹಕ್ಕು ಸರ್ಕಾರಕ್ಕಿದೆ. ಸರ್ಕಾರ ಗೆದ್ದಿತು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಎರಡೂ ಕಡೆಯವರು ಜಗಳವಾಡಿದ್ದು ಹಳೆಯ ದಾಖಲೆಗಳ ಮೇಲೆ. ದಾಖಲೆ ಹೆಚ್ಚು ಇಟ್ಟುಕೊಂಡವರು ಯಾರು? ಕಚೇರಿ ಇಟ್ಟುಕೊಂಡವರು, ಗುಮಾಸ್ತರನ್ನು ಇಟ್ಟುಕೊಂಡವರು, ಅಂದ್ರೆ ಸರ್ಕಾರ. ರೈತನ ಹತ್ತಿರ ಇದ್ದದ್ದು ಹೆಚ್ಚಾಗಿ ನೆನಪು. ಕಾಗದ ನೋಡಿ ನ್ಯಾಯ ಹೇಳುವ ವ್ಯವಸ್ಥೆಯಲ್ಲಿ ಇದು ಮೊದಲಿನಿಂದಲೂ ಇರುವ ಕೊರತೆ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ.

ಮುಂಬಯಿಯಲ್ಲೂ ಸೋತವರು ದುಡ್ಡಿದ್ದರೆ ಲಂಡನ್ನಿಗೆ ಹೋಗುತ್ತಿದ್ದರು, ಪ್ರಿವಿ ಕೌನ್ಸಿಲ್‌ಗೆ. 1949ರ ಅಕ್ಟೋಬರ್‌ನಲ್ಲಿ ಆ ದಾರಿ ಮುಚ್ಚಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಯ್ತು, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಫೈಲು ಈಗ ಬೆಂಗಳೂರಿನ ಅಠಾರ ಕಚೇರಿಗೆ. ಶಿರಸಿಯಿಂದ ನಾಲ್ಕುನೂರು ಕಿಲೋಮೀಟರ್ ಆಸುಪಾಸು. ರಾತ್ರಿ ಬಸ್ಸು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಕೋರ್ಟಿಗೆ ಹೋದರೆ 'ಮುಂದಿನ ತಿಂಗಳು'. ಉತ್ತರ ಕರ್ನಾಟಕದ ವಕೀಲರು, ಜನ ವರ್ಷಗಟ್ಟಲೆ ಹೋರಾಡಿದರು. 2008ರ ಜುಲೈನಲ್ಲಿ ಧಾರವಾಡದಲ್ಲಿ, ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಅವು ಕಾಯಂ ಪೀಠಗಳಾದವು. ಉತ್ತರ ಕನ್ನಡ ಧಾರವಾಡ ಪೀಠಕ್ಕೆ ಸೇರಿತು. ಈಗ ಇಸಳೂರಿನವರು ಬೆಳಗ್ಗೆ ಹೊರಟು ಕೋರ್ಟ್ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಹೈಕೋರ್ಟ್ ಹತ್ತಿರ ಬಂತು. ಸರಿ. ಆದರೆ ಹೈಕೋರ್ಟ್ ಕೆಲಸ ಮಾಡುವ ರೀತಿ ಬದಲಾಯ್ತಾ? ಇಲ್ಲ. ಮಾವ ಧಾರವಾಡಕ್ಕೆ ಹೋದರು, ಕೊನೆಯ ಬೆಂಚಿನಲ್ಲಿ ಕೂತರು. ಆದರೂ ಅವರ ಬದಲು ಮಾತಾಡಿದ್ದು ಅವರ ಫೈಲೇ. ಭಾಷೆಯೂ ಇಂಗ್ಲಿಷೇ.

ನಾನು ಓದಿದ್ದು ಇಂಜಿನಿಯರಿಂಗ್. ಅದರಲ್ಲಿ ಒಂದು ಹೋಲಿಕೆ ಸಿಗುತ್ತೆ. ರಾತ್ರಿ ಎರಡು ಗಂಟೆಗೆ ಸರ್ವರ್ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಬೆಳಗ್ಗೆ ಹಿರಿಯ ಇಂಜಿನಿಯರ್ ಬರ್ತಾರೆ. 'ರಾತ್ರಿ ಎಷ್ಟು ಕಷ್ಟಪಟ್ಟೆ' ಅಂತ ಅವರು ನಿಮ್ಮನ್ನ ಕೇಳಲ್ಲ. 'ಲಾಗ್ ಫೈಲ್ ಕೊಡು' ಅಂತಾರೆ. ಲಾಗ್‌ನಲ್ಲಿ ಬರೆದಿದ್ದರೆ ನಡೆದಿದೆ. ಬರೆದಿಲ್ಲ ಅಂದ್ರೆ ನೀವು ಎಷ್ಟೇ ಹೇಳಿದರೂ ಅವರಿಗೆ ಅದು ನಡೆದಿಲ್ಲ. ಹೈಕೋರ್ಟ್ ಆ ಹಿರಿಯ ಇಂಜಿನಿಯರ್. ಲಾಗ್ ಬರೆಯೋದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೋರ್ಟುಗಳಲ್ಲಿ.

ಒಂದೊಂದೇ ನೋಡೋಣ. ಮೊದಲು ಸಿವಿಲ್.

ಸಿವಿಲ್ ಕೇಸಿನಲ್ಲಿ ಮೊದಲ ಅಪೀಲು ಅಂತ ಒಂದಿದೆ. ಅಲ್ಲಿ ಸಾಕ್ಷ್ಯವನ್ನು ಮತ್ತೊಮ್ಮೆ ತೂಗಿ ನೋಡಬಹುದು. ದೊಡ್ಡ ಮೊತ್ತದ ಕೇಸಾದರೆ ಈ ಮೊದಲ ಅಪೀಲೇ ಹೈಕೋರ್ಟಿಗೆ ಹೋಗುತ್ತೆ, ವಕೀಲರು ಅದನ್ನ ಆರ್‌ಎಫ್‌ಎ ಅಂತಾರೆ. ಮಾವನಂಥವರ ಸಣ್ಣ ಕೇಸಿನಲ್ಲಿ ಮೊದಲ ಅಪೀಲು ಕೆಳಗೇ ಮುಗಿಯುತ್ತೆ. ಹೈಕೋರ್ಟಿಗೆ ಬರೋದು ಎರಡನೇ ಅಪೀಲು, ಆರ್‌ಎಸ್‌ಎ. ಇಲ್ಲಿ ಬಾಗಿಲು ಬಹಳ ಸಣ್ಣದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂಗೆ 1976ರಲ್ಲಿ ತಿದ್ದುಪಡಿ ಮಾಡಿದರು. ಅಲ್ಲಿಂದ, ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ ಎರಡನೇ ಅಪೀಲು. ದಾರಿ ಎಷ್ಟು ಅಗಲ ಇತ್ತು, ಗಾಡಿ ಹೋಗ್ತಿತ್ತಾ ಇಲ್ವಾ? ಇವು ಸಂಗತಿಯ ಪ್ರಶ್ನೆಗಳು. ಇದನ್ನ ಎರಡು ಕೋರ್ಟುಗಳು ಒಂದೇ ರೀತಿ ತೀರ್ಮಾನ ಮಾಡಿದ್ದರೆ ಹೈಕೋರ್ಟ್ ಸಾಮಾನ್ಯವಾಗಿ ಮುಟ್ಟಲ್ಲ.

ಹಾಗಾದ್ರೆ ಕಾನೂನಿನ ಪ್ರಶ್ನೆ ಅಂದ್ರೆ ಯಾವುದು? ಬೆಳಗಾವಿಯ ಒಂದು ಉದಾಹರಣೆ ಕೊಡ್ತೀನಿ. ಮಗಳೊಬ್ಬಳು 1992ರಲ್ಲಿ ಅಲ್ಲಿಯ ಕೋರ್ಟಿನಲ್ಲಿ ಪಾಲು ಕೇಳಿ ದಾವೆ ಹಾಕಿದಳು. ತಂದೆ 1988ರಲ್ಲೇ ತೀರಿಕೊಂಡಿದ್ದರು. ಕೇಸು ನಡೆಯುತ್ತಿರುವಾಗಲೇ 2005ರ ತಿದ್ದುಪಡಿ ಬಂತು, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು. ತಿದ್ದುಪಡಿಗೆ ಮೊದಲೇ ತಂದೆ ತೀರಿಹೋಗಿದ್ದರೆ ಈ ಹಕ್ಕು ಸಿಗುತ್ತಾ? ಯಾರ ಸಾಕ್ಷಿಯೂ ಇದಕ್ಕೆ ಉತ್ತರ ಕೊಡಲ್ಲ. ಇದು ಶುದ್ಧ ಕಾನೂನಿನ ಪ್ರಶ್ನೆ. ಕರ್ನಾಟಕ ಹೈಕೋರ್ಟ್ ಸಿಗುತ್ತೆ ಅಂದಿತು. 2015ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. 2020ರ ಆಗಸ್ಟ್ 11ರಂದು ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಆ 2015ರ ಮಾತು ಸರಿಯಲ್ಲ, ತಂದೆ ಬದುಕಿರಬೇಕು ಅಂತೇನಿಲ್ಲ ಅಂದಿತು. ನಮ್ಮ ಹೈಕೋರ್ಟ್ ಮೊದಲು ಹೇಳಿದ್ದೇ ಕಡೆಗೆ ನಿಂತಿತು. ಹೈಕೋರ್ಟಿನ ನಿಜವಾದ ಕೆಲಸ ಇಂಥದ್ದು.

ಇನ್ನು ಮಾವನ ದಾರಿ. ಅನುಭೋಗ ಹಕ್ಕುಗಳ ಕಾಯ್ದೆ 1882ರದ್ದು. ಮುಂಬಯಿ ಪ್ರಾಂತ್ಯಕ್ಕೆ, ಅಂದ್ರೆ ನಮ್ಮ ಜಿಲ್ಲೆಗೆ, ಅದು ಬಂದದ್ದು 1891ರಲ್ಲಿ. ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ, ಹಕ್ಕಿನಿಂದ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತೂ ಹೇಳುತ್ತೆ: ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದ್ದು ಸೇರಲ್ಲ. ಕಾಲುದಾರಿ ಅಂದ್ರೆ ಕಾಲುದಾರಿ. ಗಾಡಿದಾರಿ ಬೇರೆ. ಶಿರಸಿ ಕೋರ್ಟಿನಲ್ಲಿ ಮಾವನ ಸಾಕ್ಷಿಗಳು ಏನು ಹೇಳಿದ್ದರು ಗೊತ್ತಾ? 'ನಾವು ಸಣ್ಣವರಿದ್ದಾಗಿನಿಂದ ಆ ದಾರಿಯಲ್ಲೇ ಹೋಗಿ ಬರ್ತಾ ಇದ್ದೆವು.' ಪ್ರಾಮಾಣಿಕವಾದ ಮಾತು. ಆದರೆ ಹೇಗೆ ಹೋಗಿ ಬರ್ತಾ ಇದ್ರು? ನಡೆದಾ, ಗಾಡಿಯಲ್ಲಾ? ಯಾರೂ ಹೇಳಲಿಲ್ಲ. ಫೈಲಿನಲ್ಲಿ ಗಾಡಿಯ ಚಕ್ರದ ಗುರುತೇ ಇಲ್ಲ. ಧಾರವಾಡದ ನ್ಯಾಯಮೂರ್ತಿ ಎಲ್ಲಿಂದ ತರಬೇಕು?

ಈಗ ಕ್ರಿಮಿನಲ್. ಟಿವಿಯಲ್ಲಿ ನಾವು ಅತಿ ಹೆಚ್ಚು ಕೂಗೋದು ಇದರ ಬಗ್ಗೆ, ಅತಿ ಹೆಚ್ಚು ತಪ್ಪು ಮಾಡೋದೂ ಇಲ್ಲೇ. ಕೆಳಗಿನ ಕೋರ್ಟ್ ಒಬ್ಬನನ್ನು ಬಿಡುಗಡೆ ಮಾಡಿತು, ಸರ್ಕಾರ ಹೈಕೋರ್ಟಿಗೆ ಹೋಯ್ತು ಅಂತಿಟ್ಟುಕೊಳ್ಳಿ. ಹೈಕೋರ್ಟ್ ಏನು ನೋಡಬೇಕು? 1934ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಶಿವ ಸ್ವರೂಪ್ ಪ್ರಕರಣದಲ್ಲಿ ಒಂದು ಮಾತು ಹೇಳಿತು, ಇವತ್ತಿಗೂ ಅದೇ ಅಡಿಪಾಯ. ಸಾಕ್ಷ್ಯವನ್ನು ಮತ್ತೆ ಪೂರ್ತಿ ನೋಡುವ ಅಧಿಕಾರ ಹೈಕೋರ್ಟಿಗೆ ಇದೆ. ಆದರೆ ಸಾಕ್ಷಿಯನ್ನು ಕಣ್ಣಾರೆ ಕಂಡವರು ಕೆಳಗಿನ ನ್ಯಾಯಾಧೀಶರು. ಸಾಕ್ಷಿ ತಡವರಿಸಿದ್ದು, ಬೆವರಿದ್ದು, ನೆಲ ನೋಡಿದ್ದು ಅವರಿಗೆ ಗೊತ್ತು. ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು. ಆರೋಪಿ ನಿರಪರಾಧಿ ಅನ್ನುವ ಭಾವನೆ ಬಿಡುಗಡೆಯಿಂದ ಕಡಿಮೆಯಾಗಲ್ಲ, ಗಟ್ಟಿಯಾಗುತ್ತೆ.

2007ರಲ್ಲಿ ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ, ವಕೀಲರು ಚಂದ್ರಪ್ಪ ಪ್ರಕರಣ ಅಂತ ಕರೆಯೋದು, ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಸ್ಪಷ್ಟವಾಗಿ ಹೇಳಿತು. ಸಾಕ್ಷ್ಯದಿಂದ ಎರಡು ತೀರ್ಮಾನಗಳು ಸಾಧ್ಯವಿದ್ದರೆ, ಕೆಳಗಿನ ಕೋರ್ಟ್ ಅದರಲ್ಲಿ ಬಿಡುಗಡೆಯ ತೀರ್ಮಾನ ಆರಿಸಿದ್ದರೆ, 'ನನಗೆ ಇನ್ನೊಂದು ಸರಿ ಅನಿಸುತ್ತೆ' ಅನ್ನುವ ಕಾರಣಕ್ಕೆ ಮಾತ್ರ ಹೈಕೋರ್ಟ್ ಅದನ್ನು ತಿರುವಿ ಹಾಕಬಾರದು. ಈಗ ನಮ್ಮ ಹೆಡ್‌ಲೈನ್ ನೋಡಿ: 'ಆರೋಪಿಗೆ ಹೈಕೋರ್ಟ್ ಕ್ಲೀನ್ ಚಿಟ್!' ನಾನೂ ಓದಿದ್ದೀನಿ ಇದನ್ನ. ಹೈಕೋರ್ಟ್ ಅಲ್ಲಿ ಹೇಳಿದ್ದು ಇವನು ಮಾಡಿಲ್ಲ ಅಂತ ಅಲ್ಲ. ಅನುಮಾನಕ್ಕೆ ಎಡೆಯಿಲ್ಲದಂತೆ ಈ ಫೈಲಿನಲ್ಲಿ ರುಜುವಾತಾಗಿಲ್ಲ ಅಂತ. ತನಿಖೆ ಮಾಡಿದವರು ಪಂಚನಾಮೆ ಸರಿಯಾಗಿ ಬರೆಯದಿದ್ದರೆ, ಸಾಕ್ಷಿ ತಿರುಗಿಬಿದ್ದರೆ, ಆ ಕೊರತೆ ಸ್ಟುಡಿಯೋದ ಕೂಗಾಟದಿಂದ ತುಂಬಲ್ಲ.

ಒಂದು ಕಡೆ ಮಾತ್ರ ಹೈಕೋರ್ಟ್ ಯಾರೂ ಕರೆಯದಿದ್ದರೂ ಬರಲೇಬೇಕು. ಸೆಷನ್ಸ್ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟರೆ ಹೈಕೋರ್ಟ್ ಖಾಯಂ ಮಾಡದೆ ಅದು ಜಾರಿಯಾಗಲ್ಲ. ಅಪರಾಧಿ ಅಪೀಲು ಹಾಕದಿದ್ದರೂ ಫೈಲು ತಾನಾಗಿ ಹೋಗುತ್ತೆ. ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಮೊದಲಿನಿಂದ ಓದಬೇಕು. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ಮೂರನೆಯವರಿಗೆ ಹೋಗುತ್ತೆ. ಜೀವ ತೆಗೆಯುವ ಕಾಗದಕ್ಕೆ ಒಂದು ಸಹಿ ಸಾಲದು ಅಂತ ಕಾನೂನು ತಿಳಿದುಕೊಂಡಿದೆ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದರೂ ಇದು ಬದಲಾಗಿಲ್ಲ.

ಮೂರನೆಯದು ನೌಕರಿ. ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದರದ್ದೇ. 'ಸಾರ್, ಕೋರ್ಟ್ ನನ್ನನ್ನ ಬಿಡುಗಡೆ ಮಾಡಿದೆ, ಆದರೂ ಕೆಲಸಕ್ಕೆ ತಗೊಳ್ತಿಲ್ಲ.' ಇದು ಹೇಗೆ ಸಾಧ್ಯ? ಸಾಧ್ಯ. ಕ್ರಿಮಿನಲ್ ಕೋರ್ಟಿನ ತಕ್ಕಡಿ ಬೇರೆ, ಇಲಾಖಾ ವಿಚಾರಣೆಯ ತಕ್ಕಡಿ ಬೇರೆ. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಷ್ಟು ರುಜುವಾತು ಬೇಕು. ಇಲ್ಲಿ ಹೌದು ಅನ್ನುವ ಕಡೆಗೆ ಸ್ವಲ್ಪ ಹೆಚ್ಚು ವಾಲಿದರೆ ಸಾಕು. ರಿಟ್ ಅರ್ಜಿ ಹಾಕಿದಾಗ ಹೈಕೋರ್ಟ್ ನೀವು ತಪ್ಪು ಮಾಡಿದ್ದೀರಾ ಇಲ್ವಾ ಅಂತ ಮತ್ತೆ ವಿಚಾರಣೆ ಮಾಡಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತಾ, ನಿಮ್ಮ ಮಾತು ಹೇಳೋಕೆ ಅವಕಾಶ ಸಿಕ್ಕಿತಾ, ಶಿಕ್ಷೆ ತಪ್ಪಿಗೆ ತಕ್ಕದ್ದಾ, ಇಷ್ಟು ನೋಡುತ್ತೆ.

ಕೋಲಾರದ ಚಿನ್ನದ ಗಣಿಯ ಒಂದು ಪ್ರಕರಣ ಕೇಳಿ. 1985ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಒಬ್ಬ ಭದ್ರತಾ ಅಧಿಕಾರಿಯ ಮನೆ ಮೇಲೆ ದಾಳಿ ಆಯ್ತು. ಗಣಿಯ ಚಿನ್ನ ಸಿಕ್ಕಿತು ಅಂತ ಆರೋಪ. ಒಂದು ಕಡೆ ಕ್ರಿಮಿನಲ್ ಕೇಸು, ಇನ್ನೊಂದು ಕಡೆ ಇಲಾಖಾ ವಿಚಾರಣೆ. ಅಮಾನತಾದವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆ ಅವರಿಗೆ ಸಿಗಲಿಲ್ಲ. ವಿಚಾರಣೆಗೆ ಬರೋಕೆ ದುಡ್ಡಿಲ್ಲ ಅಂದರು. ಅವರಿಲ್ಲದೆಯೇ ವಿಚಾರಣೆ ಮುಗಿಯಿತು, 1986ರಲ್ಲಿ ವಜಾ. 1987ರಲ್ಲಿ ಕ್ರಿಮಿನಲ್ ಕೋರ್ಟ್, ದಾಳಿಯೂ ವಸ್ತು ಸಿಕ್ಕಿದ್ದೂ ರುಜುವಾತಾಗಿಲ್ಲ ಅಂತ ಬಿಡುಗಡೆ ಮಾಡಿತು. ಆಮೇಲೆ ಹೈಕೋರ್ಟ್. 1995ರಲ್ಲಿ ಏಕಸದಸ್ಯ ಪೀಠ ಅವರ ಪರ. 1997ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಅವರ ವಿರುದ್ಧ. 1999ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ. ಎರಡೂ ವಿಚಾರಣೆಗೆ ಸಾಕ್ಷಿಗಳು ಅವರೇ, ಸಂಗತಿ ಅದೇ. ಕ್ರಿಮಿನಲ್ ಕೋರ್ಟ್ ನಂಬದ ದಾಳಿಯನ್ನು ಏಕಪಕ್ಷೀಯ ವಿಚಾರಣೆ ಹೇಗೆ ನಂಬಿತು? ಹೊಟ್ಟೆಗೆ ಕೊಡದೆ ವಿಚಾರಣೆಗೆ ಬಾ ಅನ್ನೋದು ಯಾವ ನ್ಯಾಯ? ಕೆಲಸ ವಾಪಸ್ ಸಿಕ್ಕಿತು. ಹದಿನಾಲ್ಕು ವರ್ಷ ಹೋಗಿತ್ತು.

ಇನ್ನು ದಿನಗೂಲಿ ನೌಕರರು. 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು ಅಂದ್ರೆ ದೇಶದ ಪ್ರತಿ ಸರ್ಕಾರಿ ಕಚೇರಿಗೂ ಗೊತ್ತು. ಹುಟ್ಟಿದ್ದು ಕರ್ನಾಟಕದಲ್ಲಿ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದಿನಗೂಲಿಯಲ್ಲಿ ದುಡಿದವರು ಕಾಯಂ ಮಾಡಿ ಅಂತ ಕೇಳಿದರು. ಆಡಳಿತ ನ್ಯಾಯಮಂಡಳಿ ಒಪ್ಪಲಿಲ್ಲ. ಕಾಯಂ ನೌಕರರ ಸಮಾನ ಸಂಬಳ ಕೊಡಿ, ನಾಲ್ಕು ತಿಂಗಳಲ್ಲಿ ಕಾಯಂ ಮಾಡುವುದನ್ನು ಪರಿಗಣಿಸಿ ಅಂತ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ರದ್ದು ಮಾಡಿತು. ಹಿಂಬಾಗಿಲಿನ ನೇಮಕಾತಿ ಕಾಯಂ ಆಗೋದಾದರೆ ಪರೀಕ್ಷೆ ಬರೆದು ಕಾಯುತ್ತಿರುವವರ ಗತಿ ಏನು ಅನ್ನೋದು ಅದರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ತೀರ್ಪು ಮಂಜೂರಾದ ಹುದ್ದೆಗಳಲ್ಲಿ ಕೋರ್ಟ್ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಅವಕಾಶವನ್ನೂ ಕೊಟ್ಟಿತ್ತು. ಆಮೇಲೆ ಏನಾಯ್ತು? ಕಚೇರಿಗಳು ಮೊದಲ ಅರ್ಧವನ್ನು ಗೋಡೆಗೆ ಅಂಟಿಸಿಕೊಂಡವು, ಎರಡನೇ ಅರ್ಧವನ್ನು ಮರೆತವು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಜಗ್ಗೋ ಪ್ರಕರಣದಲ್ಲಿ ಉಮಾದೇವಿ ತೀರ್ಪು ದುರ್ಬಳಕೆಯಾಗುತ್ತಿದೆ ಅಂತ ಹೇಳಬೇಕಾಯ್ತು. ಇಲ್ಲೂ ಗೆಲ್ಲುವವರು ಯಾರು? ಹಾಜರಿ ಪುಸ್ತಕದ ನಕಲು, ಸಂಬಳದ ಚೀಟಿ, ಮೊದಲ ದಿನದ ಆದೇಶ ಜೋಪಾನವಾಗಿ ಇಟ್ಟುಕೊಂಡವರು.

ಮೂರೂ ಬಗೆಯ ಕೇಸು ನೋಡಿದಿರಿ. ತಕ್ಕಡಿ ಬೇರೆ ಬೇರೆ, ಬಾಗಿಲಿನ ಅಗಲ ಬೇರೆ ಬೇರೆ. ಒಳಗೆ ಹೋಗುವುದು ಮಾತ್ರ ಒಂದೇ, ಕೆಳಗೆ ಕಟ್ಟಿದ ಫೈಲು.

ಈಗ ಮತ್ತೆ ಮಾವನ ಹತ್ತಿರ ಬರೋಣ. ಅಡಿಕೆ ಕೊಯ್ಲಿನ ಸಮಯಕ್ಕೆ ಇಸಳೂರಿಗೆ ಹೋದೆ. ಊಟ ಆದ ಮೇಲೆ ಮಾವ ಒಳಗಿಂದ ಹಳೆ ಮರದ ಪೆಟ್ಟಿಗೆ ತಂದರು. ಅದರಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಅರವತ್ತು ವರ್ಷದ ಹಿಂದೆ ಮಾವನ ಅಪ್ಪನೂ ಪಕ್ಕದ ತೋಟದ ಅಜ್ಜನೂ ಬರೆದುಕೊಂಡ ಕರಾರು. ಊರಿನ ಇಬ್ಬರ ಸಾಕ್ಷಿ ಸಹಿ. 'ಎತ್ತಿನ ಗಾಡಿ ಹೋಗುವಷ್ಟು ದಾರಿ ಬಿಟ್ಟುಕೊಟ್ಟಿದೆ' ಅಂತ ಸ್ಪಷ್ಟವಾಗಿ ಇದೆ.

ನನಗೆ ತಲೆ ತಿರುಗಿತು. ಮೂವತ್ತು ವರ್ಷಕ್ಕಿಂತ ಹಳೆಯ ಕಾಗದ ಇರಬೇಕಾದವರ ಕೈಯಿಂದಲೇ ಬಂದರೆ, ಅದರ ಸಹಿ ಖರೆ ಅಂತ ಕೋರ್ಟ್ ಭಾವಿಸಬಹುದು. ನೋಂದಣಿ ಆಗಿಲ್ಲ, ಸ್ಟ್ಯಾಂಪ್ ಸಾಲದು ಅಂತ ತಕರಾರು ಬರಬಹುದಿತ್ತು. ಬರಲಿ. ಆ ಚರ್ಚೆ ಶಿರಸಿಯಲ್ಲಿ ಆಗಬೇಕಿತ್ತು. ಮಾವ ಇದನ್ನ ಧಾರವಾಡದಲ್ಲಿ ಹಾಜರು ಮಾಡೋಕೆ ಹೋಗಿದ್ದರು. ಅಪೀಲಿನಲ್ಲಿ ಹೊಸ ಸಾಕ್ಷ್ಯ ತರೋದು ಅಷ್ಟು ಸುಲಭವಲ್ಲ. ಎಷ್ಟು ಪ್ರಯತ್ನಪಟ್ಟರೂ ಮೊದಲು ಸಿಕ್ಕಿರಲಿಲ್ಲ ಅಂತಾದರೂ ತೋರಿಸಬೇಕು. ನಿಮ್ಮ ಪೆಟ್ಟಿಗೆಯಲ್ಲೇ ಇದ್ದದ್ದನ್ನು ಸಿಕ್ಕಿರಲಿಲ್ಲ ಅಂತ ಹೇಗೆ ಹೇಳ್ತೀರಿ?

"ಮಾವ, ಇದನ್ನ ಮೊದಲೇ ಯಾಕೆ ಕೊಡಲಿಲ್ಲ?"

ಮಾವ ಮಾತಾಡಲಿಲ್ಲ. ಕಾಗದದ ಕೆಳಗಿನ ಮಡಿಕೆ ಬಿಡಿಸಿದರು. ಅಲ್ಲಿ ಇನ್ನೊಂದು ಸಾಲು ಇತ್ತು. ದಾರಿಗೆ ಬದಲಾಗಿ, ಮೇಲಿನ ಝರಿಯ ನೀರನ್ನು ದಿನ ಬಿಟ್ಟು ದಿನ ಪಕ್ಕದ ತೋಟಕ್ಕೆ ಬಿಡಬೇಕು. ಆ ನೀರನ್ನು ಮಾವನ ಮನೆಯವರು ಎಷ್ಟೋ ವರ್ಷದಿಂದ ಪೂರ್ತಿ ತಾವೇ ಬಳಸುತ್ತಿದ್ದಾರೆ. ಕಾಗದ ತೋರಿಸಿದರೆ ದಾರಿ ಬರುತ್ತಿತ್ತು, ನೀರು ಹೋಗುತ್ತಿತ್ತು. ಎರಡೂ ಬೇಕು ಅಂತ ಮಾವ ಕಾಗದ ಒಳಗಿಟ್ಟರು. ಕೆಳಗೆ ಸೋತ ಮೇಲೆ ಗಾಬರಿಯಾಗಿ ಹೊರಗೆ ತೆಗೆದರು. ಹೊತ್ತು ಮೀರಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನ ಬರೀತಾ ಇರಲಿಲ್ಲ. ಹೋದ ತಿಂಗಳು ಮಾವ ಮತ್ತೆ ಫೋನ್ ಮಾಡಿದರು. ಧೈರ್ಯ ಮಾಡಿ ಆ ಕಾಗದ ಹಿಡಿದುಕೊಂಡು ಪಕ್ಕದ ಮನೆಗೆ ಹೋದರಂತೆ. ಅವರು ಓದಿದರು, ಏನೂ ಹೇಳದೆ ಒಳಗೆ ಹೋದರು, ಹೊರಗೆ ಬರುವಾಗ ಅವರ ಕೈಯಲ್ಲೂ ಒಂದು ಕಾಗದ. ಅದೇ ಕರಾರಿನ ಇನ್ನೊಂದು ಪ್ರತಿ. ಅವರಿಗೆ ನೀರಿನ ಸಾಲು ಬೇಕಿತ್ತು, ದಾರಿಯ ಸಾಲು ಬೇಡವಾಗಿತ್ತು. ಅದಕ್ಕೇ ಅವರೂ ಪೆಟ್ಟಿಗೆಯಲ್ಲೇ ಇಟ್ಟಿದ್ದರು.

ಮೂರು ಕೋರ್ಟು, ಎರಡು ಮನೆ, ಒಂದೇ ಕಾಗದದ ಎರಡು ಪ್ರತಿ. ಒಂದೂ ಫೈಲಿಗೆ ಬಂದಿರಲಿಲ್ಲ.

ಬೇಲಿ ಇನ್ನೂ ಇದೆ. ಇಬ್ಬರೂ ಮಾತಾಡ್ತಾ ಇದ್ದಾರೆ, ಅಷ್ಟು ಮಾತ್ರ ಹೇಳಬಲ್ಲೆ. ಹೈಕೋರ್ಟಿಗೆ ಕಿವಿ ಇಲ್ವಾ ಅಂತ ಮಾವ ಕೇಳಿದ್ದರು. ಇಲ್ಲ ಮಾವ, ಇರೋದು ಕಣ್ಣು. ಅದಕ್ಕೆ ಕಾಣುವಂಥದ್ದನ್ನ ನೀವಿಬ್ಬರೂ ಇಟ್ಟಿರಲಿಲ್ಲ.

ನೀವು ಇದನ್ನ ಓದುವ ಹೊತ್ತಿಗೆ ನಿಮ್ಮ ಮನೆಯ ಯಾವುದಾದರೂ ಕೇಸು ಶಿರಸಿಯಲ್ಲೋ, ಸಿದ್ದಾಪುರದಲ್ಲೋ, ನಿಮ್ಮೂರಿನ ಕೋರ್ಟಿನಲ್ಲೋ ಮೊದಲ ಹಂತದಲ್ಲಿ ಇರಬಹುದು. 'ಮೇಲೆ ನೋಡಿಕೊಳ್ಳೋಣ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇವತ್ತು ರಾತ್ರಿ ಟಿವಿ ಆಫ್ ಮಾಡಿ. ಪೆಟ್ಟಿಗೆ ತೆಗೆಯಿರಿ. ಕಾಗದದ ಮಡಿಕೆಗಳನ್ನೆಲ್ಲ ಪೂರ್ತಿ ಬಿಡಿಸಿ ಓದಿ, ನಿಮಗೆ ಬೇಡವಾದ ಸಾಲನ್ನೂ ಸೇರಿಸಿ. ಆಮೇಲೆ ವಕೀಲರ ಹತ್ತಿರ ಹೋಗಿ.